ದಪ್ಪ ಇದ್ರೂ ರಕ್ತ ಕಮ್ಮಿ ಯಾಕೆ? ಐರನ್ ಮತ್ತು ಮೈಯ ಕೊಬ್ಬಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಕಡೆಯ ಒಂದು ಸಣ್ಣ ಲ್ಯಾಬಲ್ಲಿ ಕೆಲಸ ನನ್ನದು. ರಿಪೋರ್ಟ್ ತಗೊಳ್ಲಿಕ್ಕೆ ಬಂದವರು ಕವರ್ ಬಿಚ್ಚಿ, ಎದುರಿಗೇ ನಿಂತು ಕೇಳುವ ಪ್ರಶ್ನೆಗಳು ಇವು. ರಿಪೋರ್ಟ್ ಇಂಗ್ಲಿಷಲ್ಲಿ, ಆಸ್ಪತ್ರೆಯ ಗೋಡೆಯ ಪೋಸ್ಟರ್ ಮಲಯಾಳದಲ್ಲಿ, ಕೇಳುವವರು ಕನ್ನಡ ತುಳು ಹವ್ಯಕ ಮಾತಾಡುವವರು, ಹಾಗಾಗಿ ಅರ್ಧ ವಿಷಯ ನಡುವೆಯೇ ಬಿದ್ದು ಹೋಗ್ತದೆ. ನಾನು ಡಾಕ್ಟ್ರಲ್ಲ, ಮದ್ದು ಹೇಳುವ ಕೆಲಸ ನನ್ನದಲ್ಲ, ಆದ್ರೆ ಆ ನಂಬ್ರಗಳ ಹಿಂದೆ ಎಂತ ನಡೀತದೆ ಅಂತ ಹೇಳ್ಬಹುದು.

ದಪ್ಪ ಇದ್ದವರಿಗೆ ರಕ್ತ ಕಮ್ಮಿ ಆಗ್ಲಿಕ್ಕುಂಟಾ? ಉಂಡು ತಿಂದು ಗಟ್ಟಿ ಇದ್ದಾರಲ್ಲ?

ಉಂಟು, ಧಾರಾಳ ಉಂಟು. ರಕ್ತದ ಹಿಮೋಗ್ಲೋಬಿನ್ ತಯಾರಾಗ್ಲಿಕ್ಕೆ ಐರನ್, ಅಂದ್ರೆ ಕಬ್ಬಿಣದ ಅಂಶ ಬೇಕು, ದಪ್ಪ ಇದ್ದವರಿಗೆ ಅದೇ ಕಮ್ಮಿ ಇರ್ಬಹುದು. ಇದು ಹೊಸ ವಿಷಯವೂ ಅಲ್ಲ, 1962ರಲ್ಲೇ ದಪ್ಪ ಇರುವ ಹದಿಹರೆಯದ ಮಕ್ಕಳ ರಕ್ತದಲ್ಲಿ ಐರನ್ ಕಮ್ಮಿ ಉಂಟು ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತ್ತು. ನಮ್ಮ ಕೇರಳದ್ದೇ ಲೆಕ್ಕ ನೋಡಿ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ 38% ಜನಕ್ಕೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅಂತ ನೋಡುವ ಲೆಕ್ಕ) 25ರ ಮೇಲೆ, ಅದೇ ವಯಸ್ಸಿನವರಲ್ಲಿ 36% ಜನಕ್ಕೆ ರಕ್ತಹೀನತೆ. ಇವೆರಡು ಬೇರೆ ಬೇರೆ ಗುಂಪು, ರಕ್ತ ಇಲ್ಲದವರೆಲ್ಲ ಕಡ್ಡಿ ಹಾಗೆ ಇರ್ತಾರೆ ದಪ್ಪ ಇದ್ದವರೆಲ್ಲ ಸತ್ವ ತುಂಬಿಕೊಂಡಿರ್ತಾರೆ ಅಂತ ನಾವು ಅಂದ್ಕೊಂಡಿದ್ದೇವೆ, ಹಾಗೆ ಎಂತ ಇಲ್ಲ. ಎರಡೂ ಒಬ್ಬರ ಮೈಯಲ್ಲೇ ಒಟ್ಟಿಗೆ ಇರ್ತದೆ, ಅದಕ್ಕೂ ಮೇಲೆ ಒಂದು ಇನ್ನೊಂದಕ್ಕೆ ಕಾರಣ ಆಗ್ತದೆ.

ಮತ್ತೆ ಬಿಎಂಐ ವಿಷಯ ಬಂತಲ್ಲ, ನಮ್ಮ ದೇಶದವರಿಗೆ 23ರ ಮೇಲೆ ಹೋದ್ರೇ ತೂಕ ಹೆಚ್ಚು ಅಂತ ಲೆಕ್ಕ, 25 ದಾಟಿದ್ರೆ ಬೊಜ್ಜು. ಹೊಟ್ಟೆ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ತೂಕ ನಾರ್ಮಲ್ ಇದ್ದು ಹೊಟ್ಟೆ ಮಾತ್ರ ಮುಂದೆ ಬಂದವರಿಗೂ ಈ ಕೆಳಗಿನ ಸಂಗತಿ ಎಲ್ಲ ಅನ್ವಯ ಆಗ್ತದೆ, ನಗ್ಬೇಡಿ.

ತಿಂದ ಐರನ್ ಹಾಗಾದ್ರೆ ಎಲ್ಲಿಗೆ ಹೋಗ್ತದೆ?

ಇದಕ್ಕೆ ಹೆಪ್ಸಿಡಿನ್ ಅಂತ ಒಂದು ಹಾರ್ಮೋನಿನ ಪರಿಚಯ ಬೇಕು. ಲಿವರ್ ತಯಾರು ಮಾಡುವ ಪುಟ್ಟ ಪ್ರೋಟೀನ್ ಅದು, 25 ಅಮಿನೋ ಆಸಿಡ್ ಮಾತ್ರ, ವಿಜ್ಞಾನಿಗಳಿಗೆ ಗೊತ್ತಾದದ್ದೇ 2000ದ ಆಸುಪಾಸಿಗೆ. ನಮ್ಮ ಶರೀರಕ್ಕೆ ಹೆಚ್ಚಾದ ಐರನನ್ನು ಹೊರಗೆ ಹಾಕುವ ದಾರಿ ಅಂತ ಇಲ್ಲ, ಉಪ್ಪು ಆದ್ರೆ ಮೂತ್ರದಲ್ಲಿ ಹೋಗ್ತದೆ, ಐರನ್ ಹಾಗೆ ಹೋಗೂದಿಲ್ಲ. ಹಾಗಾಗಿ ಒಳಗೆ ಬರುವ ಜಾಗದಲ್ಲೇ ಕಟ್ಟುನಿಟ್ಟು. ದೊಡ್ಡವರ ಮೈಯಲ್ಲಿ ಇರುವ ಒಟ್ಟು ಐರನ್ 3-4 ಗ್ರಾಂ, ದಿನಕ್ಕೆ ಊಟದಿಂದ ಹೀರಿಕೊಳ್ಳುವುದು 1-2 ಮಿಲಿಗ್ರಾಂ ಅಷ್ಟೇ. ದಿನದ ಖರ್ಚಿಗೆ ಬೇಕಾದ 20-25 ಮಿಲಿಗ್ರಾಂ ಎಲ್ಲಿಂದ ಬರ್ತದೆ ಅಂದ್ರೆ ಹಳೆ ಕೆಂಪು ರಕ್ತಕಣಗಳನ್ನು ಮ್ಯಾಕ್ರೋಫೇಜ್ ಅನ್ನುವ ಕಣಗಳು (ಜೀವಕೋಶಗಳು) ನುಂಗಿ, ಅದರೊಳಗಿನ ಐರನ್ ತೆಗೆದು ಪುನಃ ರಕ್ತಕ್ಕೆ ಬಿಡ್ತವೆ, ಅಲ್ಲಿಂದ.

ಕರುಳಿನ ಕಣದಿಂದ ಆಗ್ಲಿ ಮ್ಯಾಕ್ರೋಫೇಜಿನಿಂದ ಆಗ್ಲಿ, ಐರನ್ ರಕ್ತಕ್ಕೆ ಇಳಿಯುವ ಬಾಗಿಲು ಒಂದೇ, ಫೆರೊಪೋರ್ಟಿನ್. ಹೆಪ್ಸಿಡಿನ್ ಬಂದು ಆ ಬಾಗಿಲಿಗೆ ಅಂಟಿಕೊಂಡ್ರೆ ಬಾಗಿಲೇ ಕಣದ ಒಳಗೆ ಎಳೆದು ಹೋಗಿ ನಾಶ ಆಗ್ತದೆ. ಐರನ್ ಸಾಕಷ್ಟು ಇದ್ದಾಗ ಹೆಪ್ಸಿಡಿನ್ ಏರುವುದು ಸರಿ, ಅದು ಅದರ ಕೆಲಸ. ಆದ್ರೆ ಉರಿಯೂತ (ಇನ್‌ಫ್ಲಮೇಶನ್, ಸೋಂಕು ಪೆಟ್ಟು ಆದಾಗ ಮೈ ಎದುರಿಸಿ ನಿಲ್ಲುವ ರೀತಿ) ಇದ್ದಾಗ್ಲೂ ಏರ್ತದೆ, ಜ್ವರ ಸೋಂಕು ಬಂದಾಗ ಬ್ಯಾಕ್ಟೀರಿಯಾಕ್ಕೆ ಐರನ್ ಸಿಗ್ಬಾರ್ದು ಅಂತ ಶರೀರ ಮಾಡಿಕೊಂಡ ಏರ್ಪಾಡು. ಬೊಜ್ಜು ಇದ್ದಾಗ ಜ್ವರ ಇಲ್ಲ, ನೋವಿಲ್ಲ, ಆದ್ರೆ ಕೊಬ್ಬಿನಿಂದ ಐಎಲ್-6 ಅನ್ನುವಂಥ ಉರಿಯೂತದ ಸಂಕೇತಗಳು ಸಣ್ಣಗೆ ವರ್ಷಗಟ್ಟಲೆ ಹೊರಡ್ತಾ ಇರ್ತವೆ, ಲಿವರಿಗೆ ಅದು ಸೋಂಕೋ ಬೊಜ್ಜೋ ಅಂತ ಎಂತ ಗೊತ್ತು, ಅದು ಹೆಪ್ಸಿಡಿನ್ ಮಾಡ್ತಾ ಹೋಗ್ತದೆ. ಬೊಜ್ಜು ಹೆಚ್ಚಿರುವವರ ಕೊಬ್ಬಿನಲ್ಲೇ ಸ್ವಲ್ಪ ಹೆಪ್ಸಿಡಿನ್ ತಯಾರಾಗುವುದನ್ನೂ ನೋಡಿದ್ದಾರೆ.

ಒಟ್ಟು ಪರಿಣಾಮ ಎಂತ ಅಂದ್ರೆ, ಊಟದ ಐರನ್ ಕರುಳಿನ ಕಣದಲ್ಲೇ ಉಳಿದು ಆ ಕಣ ಉದುರುವಾಗ ಒಟ್ಟಿಗೆ ಹೊರಗೆ ಹೋಗ್ತದೆ, ಒಳಗೆ ಇದ್ದ ಐರನ್ ಮ್ಯಾಕ್ರೋಫೇಜಿನಲ್ಲೇ ಕೂತು ಬಿಡ್ತದೆ. ಗೋಡೌನಿನಲ್ಲಿ ಅಕ್ಕಿ ಉಂಟು, ರೇಷನ್ ಅಂಗಡಿಯಲ್ಲಿ ಇಲ್ಲ, ಆ ಕಥೆ.

ಇದರ ಮೇಲೆ ಬೇರೆ ಕಾರಣಗಳೂ ಸೇರ್ತವೆ. ಮೈ ದೊಡ್ಡ ಆದಾಗ ರಕ್ತದ ಪ್ರಮಾಣವೂ ಹೆಚ್ಚು, ಐರನ್ ಅಷ್ಟಕ್ಕೆ ಹಂಚಿ ಹೋಗ್ಬೇಕು. ಬೊಜ್ಜಿನೊಟ್ಟಿಗೆ ಮುಟ್ಟು ಏರುಪೇರಾಗಿ ರಕ್ತಸ್ರಾವ ಹೆಚ್ಚಾಗುವುದು ಉಂಟು. ಮತ್ತೆ ಹೊಟ್ಟೆ ತುಂಬಾ ತಿಂದ್ರೂ ಪರೋಟ, ಬೇಕರಿ ಪಫ್ಸ್, ಬಿಸ್ಕುಟ್, ಚಿಪ್ಸ್ ಇದರಲ್ಲಿ ಐರನ್ ಎಷ್ಟಿರ್ತದೆ ಹೇಳಿ.

ಕೊಬ್ಬು ಅಂದ್ರೆ ಬರೀ ಎಣ್ಣೆ ಅಲ್ವಾ? ಅದಕ್ಕೂ ಐರನಿಗೂ ಎಂತ ಸಂಬಂಧ?

ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟದ ಪ್ರಶ್ನೆ ಇದು, ಕೇಳುವವರು ಮಾತ್ರ ಕಮ್ಮಿ.

ಕೊಬ್ಬಿನ ಅಂಗಾಂಶ ಅನ್ನುವುದು ಸತ್ತ ಗೋದಾಮು ಅಲ್ಲ, ಜೀವ ಇರುವ ಒಂದು ಅಂಗ. ಅದರಲ್ಲಿ ಎಣ್ಣೆ ತುಂಬಿದ ಕೊಬ್ಬಿನ ಕಣಗಳು ಉಂಟು, ಅವುಗಳ ನಡುವೆ ರಕ್ತನಾಳ, ನರ, ಮತ್ತೆ ರಾಶಿ ಮ್ಯಾಕ್ರೋಫೇಜ್. ಕೊಬ್ಬಿನ ಕಣ ಹಾರ್ಮೋನ್ ಕೂಡ ಮಾಡ್ತದೆ. ಲೆಪ್ಟಿನ್ ಅಂತ ಒಂದು, ಹೊಟ್ಟೆ ತುಂಬಿತು ಸಾಕು ಅಂತ ಮೆದುಳಿಗೆ ಹೇಳುವುದು. ಅಡಿಪೋನೆಕ್ಟಿನ್ ಅಂತ ಇನ್ನೊಂದು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ಲಿಕ್ಕೆ ಸಹಾಯ ಮಾಡುವುದು, ಉರಿಯೂತ ತಗ್ಗಿಸುವುದು. ವಿಚಿತ್ರ ನೋಡಿ, ಕೊಬ್ಬೇ ಮಾಡುವ ಈ ಅಡಿಪೋನೆಕ್ಟಿನ್ ಕೊಬ್ಬು ಹೆಚ್ಚಾದವರಲ್ಲೇ ಕಮ್ಮಿ.

ಯಾಕೆ ಕಮ್ಮಿ ಅಂತ ಹುಡುಕುವಾಗ ಐರನ್ ಸಿಕ್ಕಿತು. ಅಮೆರಿಕದ ಯೂಟಾದಲ್ಲಿ ಡೊನಾಲ್ಡ್ ಮೆಕ್‌ಕ್ಲೇನ್ ಅವರ ತಂಡ 2012ರಲ್ಲಿ ಪ್ರಕಟಿಸಿದ ಕೆಲಸ ಇದು. ಇಲಿಗಳಿಗೆ ಐರನ್ ಹೆಚ್ಚು ಇರುವ ಆಹಾರ ಕೊಟ್ಟಾಗ ಅಡಿಪೋನೆಕ್ಟಿನ್ ಇಳೀತು. ಕೊಬ್ಬಿನ ಕಣದಿಂದ ಐರನ್ ಹೊರಗೆ ಹೋಗುವ ಬಾಗಿಲು, ಅದೇ ಫೆರೊಪೋರ್ಟಿನ್, ಅದನ್ನು ಕೊಬ್ಬಿನ ಕಣದಲ್ಲಿ ಮಾತ್ರ ತೆಗೆದು ಹಾಕಿದ ಇಲಿಗಳಲ್ಲಿಯೂ ಕಣದೊಳಗೆ ಐರನ್ ಏರಿ ಅಡಿಪೋನೆಕ್ಟಿನ್ ಇಳಿದು ಇನ್ಸುಲಿನ್ ಮಾತು ಕೇಳದ ಹಾಗಾಯ್ತು. ಅದೇ ತಂಡ 2015ರಲ್ಲಿ ಲೆಪ್ಟಿನ್ ಕೂಡ ಐರನ್ ಹೆಚ್ಚಾದ್ರೆ ಕಮ್ಮಿ ಆಗ್ತದೆ, ಇಲಿಗಳು ಹೆಚ್ಚು ತಿಂತವೆ ಅಂತ ತೋರಿಸಿತು. ಅಂದ್ರೆ ಕೊಬ್ಬಿನ ಕಣ ತನ್ನೊಳಗಿನ ಐರನ್ ನೋಡಿಕೊಂಡು ಇಡೀ ಮೈಗೆ ಸಂದೇಶ ಕಳಿಸ್ತದೆ ಅಂತ ಆಯ್ತಲ್ಲ.

ಇನ್ನು ಆ ಮ್ಯಾಕ್ರೋಫೇಜ್‌ಗಳ ಕಥೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ತಂಡ 2014ರಲ್ಲಿ ತೋರಿಸಿದ್ದು, ಇಲಿಯ ಕೊಬ್ಬಿನಲ್ಲಿರುವ ಮ್ಯಾಕ್ರೋಫೇಜ್‌ಗಳಲ್ಲಿ ಒಂದು ಪಾಲು ಎಷ್ಟು ಐರನ್ ತುಂಬಿಕೊಂಡಿರ್ತವೆ ಅಂದ್ರೆ ಅವನ್ನು ಅಯಸ್ಕಾಂತದಲ್ಲಿ ಎಳೆದು ಬೇರೆ ಮಾಡ್ಲಿಕ್ಕಾಗ್ತದೆ! ನಿಜವಾಗಿಯೂ, ಅಯಸ್ಕಾಂತದ ಕಾಲಂ ಇಟ್ಟೇ ಬೇರೆ ಮಾಡಿದ್ದು. ಐರನ್ ತುಂಬಿದ ಈ ಮ್ಯಾಕ್ರೋಫೇಜ್‌ಗಳು ಶಾಂತ ಸ್ವಭಾವದವು, ಸುತ್ತಲಿನ ಕೊಬ್ಬಿನ ಕಣಕ್ಕೆ ಹೆಚ್ಚು ಐರನ್ ಹೋಗದ ಹಾಗೆ ತಾವೇ ಹಿಡಿದಿಟ್ಟುಕೊಂಡು, ಬೇಕಾದಷ್ಟು ಬಿಟ್ಟುಕೊಂಡು ಇರ್ತವೆ. ಇಲಿ ದಪ್ಪ ಆದಾಗ ಇವುಗಳ ಐರನ್ ಹಿಡಿಯುವ ತಾಕತ್ತು ಹೋಗ್ತದೆ, ಸ್ವಭಾವವೂ ಉರಿಯೂತದ ಕಡೆಗೆ ತಿರುಗ್ತದೆ, ಐರನ್ ಕೊಬ್ಬಿನ ಕಣದ ಒಳಗೆ ಸೇರ್ತದೆ.

ಬಿಡಿಯಾಗಿ ಸುತ್ತಾಡುವ ಐರನ್ ಅಪಾಯ. ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿ ತುಂಬಾ ತೀಕ್ಷ್ಣ ಫ್ರೀ ರ‍್ಯಾಡಿಕಲ್ ಹುಟ್ಟಿಸ್ತದೆ, ಅದಕ್ಕೆ ಫೆಂಟನ್ ಕ್ರಿಯೆ ಅಂತ ಹೆಸರು. ಕೊಬ್ಬಿನ ಕಣದಲ್ಲಿ ಸುತ್ತ ಎಣ್ಣೆಯೇ ಇರುವಾಗ ಅದು ಕಮಟು ಹಿಡಿಯುವ ಹಾಗೆ ಆಗಿ ಕಣಕ್ಕೆ ಪೆಟ್ಟು ಬೀಳ್ತದೆ. ಪೆಟ್ಟಾದ ಕಣ ಇನ್ನಷ್ಟು ಉರಿಯೂತದ ಸಂಕೇತ ಬಿಡ್ತದೆ, ಲಿವರ್ ಇನ್ನಷ್ಟು ಹೆಪ್ಸಿಡಿನ್ ಮಾಡ್ತದೆ, ರಕ್ತದಲ್ಲಿ ಐರನ್ ಇನ್ನೂ ಕಮ್ಮಿ. ಒಂದೇ ಮೈಯಲ್ಲಿ ರಕ್ತ ತಯಾರಾಗುವ ಮೂಳೆಯ ಮಜ್ಜೆಗೆ ಐರನ್ ಇಲ್ಲ, ಕೊಬ್ಬಿಗೂ ಲಿವರಿಗೂ ಬೇಡದಷ್ಟು ಉಂಟು. ಐರನ್ ಎಷ್ಟುಂಟು ಅಂತ ಕೇಳುವುದಕ್ಕಿಂತ ಎಲ್ಲಿ ಉಂಟು ಅಂತ ಕೇಳ್ಬೇಕು ಅಂತ ನಾನು ಹೇಳುವುದು ಇದಕ್ಕೇ.

ಹಾಗಾದ್ರೆ ಕೊಬ್ಬಿಗೆ ಐರನ್ ಇಲ್ಲದಿದ್ರೇ ಒಳ್ಳೇದಲ್ವಾ?

ಅಲ್ಲ. ಕೊಬ್ಬಿನ ಕಣ ಹುಟ್ಟಿ ಬೆಳೀಲಿಕ್ಕೂ, ಅದರೊಳಗೆ ಶಕ್ತಿ ತಯಾರು ಮಾಡುವ ಮೈಟೊಕಾಂಡ್ರಿಯಾ ನಡೀಲಿಕ್ಕೂ ಐರನ್ ಬೇಕೇ ಬೇಕು. ಕೊಬ್ಬಿನಲ್ಲಿ ಕಂದು ಕೊಬ್ಬು ಅಂತ ಒಂದು ಬಗೆ ಉಂಟು, ಚಳಿಗೆ ಕೊಬ್ಬು ಉರಿಸಿ ಬಿಸಿ ಮಾಡುವುದು ಅದರ ಕೆಲಸ, ಅದರ ಬಣ್ಣವೇ ಐರನ್ ತುಂಬಿದ ಮೈಟೊಕಾಂಡ್ರಿಯಾದಿಂದ ಬಂದದ್ದು. ಕೊಬ್ಬಿನ ಕಣಕ್ಕೆ ಐರನ್ ಒಳಗೆ ತರುವ ರಿಸೆಪ್ಟರ್ ತೆಗೆದ ಇಲಿಗಳಿಗೆ ಚಳಿ ತಡೀಲಿಕ್ಕೆ ಆಗೂದಿಲ್ಲ. ಕೊರತೆ ಇದ್ದವರಿಗೆ ಸುಸ್ತು, ನಡೀಲಿಕ್ಕೆ ಮನಸ್ಸಿಲ್ಲ, ಮೆಟ್ಟಿಲು ಹತ್ತಿದ್ರೆ ಏದುಸಿರು, ಹಾಗಾಗಿ ವ್ಯಾಯಾಮ ಬಿಟ್ಟು ತೂಕ ಇನ್ನೂ ಏರ್ತದೆ, ಅದೊಂದು ಬೇರೆ ದಾರಿ. ಥೈರಾಯ್ಡ್ ಹಾರ್ಮೋನ್ ಮಾಡುವ ಎನ್ಜೈಮಿಗೂ ಐರನ್ ಬೇಕು.

ಇದೆಲ್ಲ ಇಲಿಯ ಕಥೆ, ಮನುಷ್ಯರದ್ದು ಎಂತ?

ಕೇಳ್ಬೇಕಾದ ಪ್ರಶ್ನೆಯೇ. ಹೆಪ್ಸಿಡಿನ್ ಹೆಚ್ಚಾಗುವುದು, ಐರನ್ ಹೀರುವಿಕೆ ಕಮ್ಮಿ ಆಗುವುದು ಇದೆಲ್ಲ ಮನುಷ್ಯರಲ್ಲೇ ಅಳೆದು ನೋಡಿದ್ದು, ಅದರಲ್ಲಿ ಸಂಶಯ ಇಲ್ಲ. ಐರನ್ ಸಂಗ್ರಹದ ಪ್ರೋಟೀನ್ ಆದ ಫೆರಿಟಿನ್ ಹೆಚ್ಚಿರುವವರಲ್ಲಿ ಅಡಿಪೋನೆಕ್ಟಿನ್ ಕಮ್ಮಿ, ಶುಗರ್ ಬರುವ ಸಂಭವ ಹೆಚ್ಚು ಅನ್ನುವುದೂ ಮನುಷ್ಯರಲ್ಲೇ ಕಂಡದ್ದು. ಆದ್ರೆ ಕೊಬ್ಬಿನ ಕಣದೊಳಗೆ ಐರನ್ ಹೋಗಿ ಹೀಗೆ ಹೀಗೆ ಆಯ್ತು ಅಂತ ಹಂತ ಹಂತವಾಗಿ ತೋರಿಸಿದ್ದು ಹೆಚ್ಚಿನಂಶ ಇಲಿಗಳಲ್ಲಿ. ಹಾಗಾಗಿ ಕೊಬ್ಬಿನ ಐರನ್ ತೆಗೆಯುವ ಮದ್ದು ಅಂತ ಯಾರಾದ್ರೂ ಮಾರ್ಲಿಕ್ಕೆ ಬಂದ್ರೆ ದುಡ್ಡು ಕೊಡ್ಬೇಡಿ.

ನನ್ನ ಹಿಮೋಗ್ಲೋಬಿನ್ 12.3 ಉಂಟು, ನಾರ್ಮಲ್ ಅಲ್ವಾ? ಮತ್ತೆ ಯಾಕೆ ಸುಸ್ತು?

ಗರ್ಭಿಣಿ ಅಲ್ಲದ ಹೆಂಗಸರಿಗೆ 12ರ ಕೆಳಗೆ, ಗಂಡಸರಿಗೆ 13ರ ಕೆಳಗೆ ಬಂದ್ರೆ ರಕ್ತಹೀನತೆ ಅಂತ ಲೆಕ್ಕ. ನಿಮ್ಮದು ದಾಟಿದೆ, ಸಂತೋಷ. ಆದ್ರೆ ಹಿಮೋಗ್ಲೋಬಿನ್ ಬೀಳುವುದು ಕೊನೆಗೆ, ಅದಕ್ಕಿಂತ ಮೊದ್ಲೇ ಸಂಗ್ರಹ ಖಾಲಿ ಆಗಿರ್ತದೆ. ಸುಸ್ತು, ಕೂದಲು ಉದುರುವುದು, ರಾತ್ರಿ ಕಾಲು ಸುಮ್ಮನೆ ಇಡ್ಲಿಕ್ಕಾಗದ ಚಡಪಡಿಕೆ, ಹಸಿ ಅಕ್ಕಿ ಅಥವಾ ಐಸ್ ತಿನ್ಬೇಕು ಅಂತ ಆಸೆ, ಇದೆಲ್ಲ ಹಿಮೋಗ್ಲೋಬಿನ್ ಸರಿ ಇರುವಾಗ್ಲೂ ಇರ್ಬಹುದು. ಹಸಿ ಅಕ್ಕಿ ತಿನ್ನುವುದನ್ನು ಹೆಚ್ಚಿನವರು ಹೇಳ್ಲಿಕ್ಕೆ ನಾಚಿಕೆ ಪಡ್ತಾರೆ, ಡಾಕ್ಟ್ರಿಗೆ ಅದು ದೊಡ್ಡ ಸುಳಿವು, ಹೇಳಿ.

ಫೆರಿಟಿನ್ 240 ಬಂತು. ಐರನ್ ಜಾಸ್ತಿ ಆಯ್ತಾ? ಮಾತ್ರೆ ನಿಲ್ಲಿಸ್ಬೇಕಾ?

ಇಲ್ಲಿಯೇ ಹೆಚ್ಚಿನವರು ಜಾರುವುದು. ಫೆರಿಟಿನ್ ಐರನ್ ಸಂಗ್ರಹದ ಪ್ರೋಟೀನ್ ಹೌದು, ಆದ್ರೆ ಉರಿಯೂತ ಇದ್ದಾಗ ತನ್ನಷ್ಟಕ್ಕೆ ಏರ್ತದೆ. ಬೊಜ್ಜು, ಫ್ಯಾಟಿ ಲಿವರ್, ಕುಡಿತ, ಹೋದ ವಾರದ ಜ್ವರ ಎಲ್ಲದಕ್ಕೂ ಏರ್ತದೆ. ಆರೋಗ್ಯವಂತ ದೊಡ್ಡವರಿಗೆ 15ರ ಕೆಳಗೆ ಇದ್ರೆ ಕೊರತೆ ಅಂತ ಹೇಳುವ ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಗಸೂಚಿಯಲ್ಲಿ ಉರಿಯೂತ ಇರುವವರಿಗೆ ಆ ಗೆರೆಯನ್ನು 70ಕ್ಕೆ ಏರಿಸಿದೆ. ಅಂದ್ರೆ ದಪ್ಪ ಇರುವ ಒಬ್ಬರಿಗೆ ಫೆರಿಟಿನ್ 50 ಬಂದ್ರೆ ಲ್ಯಾಬ್ ರಿಪೋರ್ಟಿನಲ್ಲಿ ಅದು ನಾರ್ಮಲ್ ಅಂತಲೇ ಪ್ರಿಂಟ್ ಆಗಿರ್ತದೆ, ಕೆಂಪು ಗುರುತು ಇರೂದಿಲ್ಲ, ಆದ್ರೂ ಕೊರತೆ ಇರ್ಬಹುದು.

240ಕ್ಕೆ ಬಂದ್ರೆ, ಅದರ ಒಟ್ಟಿಗೆ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ನೋಡ್ಬೇಕು. ರಕ್ತದಲ್ಲಿ ಐರನ್ ಹೊತ್ತುಕೊಂಡು ಹೋಗುವ ಪ್ರೋಟೀನಿನಲ್ಲಿ ಎಷ್ಟು ಭಾಗ ತುಂಬಿದೆ ಅಂತ ಅದು ಹೇಳ್ತದೆ, ಸೀರಮ್ ಐರನನ್ನು (ರಕ್ತದಲ್ಲಿ ಈಗ ಇರುವ ಐರನ್) ಟಿಐಬಿಸಿಯಿಂದ (ರಕ್ತ ಒಟ್ಟು ಎಷ್ಟು ಐರನ್ ಹೊರಬಹುದು ಅನ್ನುವ ಲೆಕ್ಕ) ಭಾಗಿಸಿ ನೂರರಿಂದ ಗುಣಿಸಿದ್ರೆ ಸಿಗ್ತದೆ. ಅದು 20%ಕ್ಕಿಂತ ಕೆಳಗೆ ಇದ್ದು ಫೆರಿಟಿನ್ ಮೇಲೆ ಇದ್ರೆ ಐರನ್ ಒಳಗೆ ಸಿಕ್ಕಿ ಬಿದ್ದಿದೆ ಅಂತ ಅರ್ಥ ಮಾಡ್ತಾರೆ. 45%ಕ್ಕಿಂತ ಮೇಲೆ ಹೋದ್ರೆ ನಿಜವಾಗಿ ಹೆಚ್ಚುಂಟಾ ಅಂತ ಹುಡುಕ್ತಾರೆ. ನಂಬ್ರ ಒಂದೇ ಹಿಡ್ಕೊಂಡು ಮಾತ್ರೆ ಶುರು ಮಾಡುವುದೂ ಬೇಡ, ನಿಲ್ಲಿಸುವುದೂ ಬೇಡ.

ಯಾವ ಯಾವ ಟೆಸ್ಟ್ ಮಾಡಿಸ್ಬೇಕು ಹಾಗಾದ್ರೆ?

ಸಿಬಿಸಿ (ರಕ್ತಕಣಗಳ ಪೂರ್ತಿ ಲೆಕ್ಕ), ಫೆರಿಟಿನ್, ಸೀರಮ್ ಐರನ್, ಟಿಐಬಿಸಿ, ಸಿಆರ್‌ಪಿ. ಸಿಆರ್‌ಪಿ ಇಲ್ಲದೆ ದಪ್ಪ ಇರುವವರ ಫೆರಿಟಿನ್ ಓದುವುದು ಕಷ್ಟ, ಉರಿಯೂತ ಉಂಟಾ ಇಲ್ವಾ ಅಂತ ಗೊತ್ತಾಗುವುದೇ ಅದರಿಂದ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ, ಆ ದಿನ ಐರನ್ ಮಾತ್ರೆ ತಿಂದು ಬರ್ಬೇಡಿ, ಸೀರಮ್ ಐರನ್ ಸುಳ್ಳೇ ಏರಿ ಕಾಣ್ತದೆ. ಜ್ವರ ಇದ್ರೆ ಬಿಟ್ಟ ಮೇಲೆ ಬನ್ನಿ, ಅರ್ಜೆಂಟ್ ಎಂತ ಇಲ್ಲ.

ಒಂದು ಮಾತು ದೊಡ್ಡಕ್ಕೆ ಹೇಳ್ಬೇಕು. ಗಂಡಸರಿಗೆ ಅಥವಾ ಮುಟ್ಟು ನಿಂತ ಹೆಂಗಸರಿಗೆ ಐರನ್ ಕೊರತೆ ಕಂಡ್ರೆ ಬೊಜ್ಜಿನ ಮೇಲೆ ಹಾಕಿ ಸುಮ್ಮನೆ ಕೂತ್ಕೊಳ್ಬೇಡಿ, ಹೊಟ್ಟೆ ಕರುಳಲ್ಲಿ ಎಲ್ಲಾದ್ರೂ ರಕ್ತ ಸೋರ್ತಾ ಉಂಟಾ ಅಂತ ನೋಡಿಸ್ಲೇಬೇಕು, ಅಲ್ಸರ್ ಇರ್ಬಹುದು ಮೂಲವ್ಯಾಧಿ ಇರ್ಬಹುದು ಕ್ಯಾನ್ಸರೂ ಇರ್ಬಹುದು. ಅಡಿಕೆ ತೋಟದಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರಿಗೆ ಕೊಕ್ಕೆ ಹುಳದ ಸಂಶಯವೂ ಇಡ್ಬೇಕು, ಅದು ಪಾದದ ಚರ್ಮದಿಂದಲೇ ಒಳಗೆ ಹೋಗಿ ಕರುಳಲ್ಲಿ ಕೂತು ರಕ್ತ ಹೀರ್ತದೆ. ಇನ್ನು ಸಿಬಿಸಿಯಲ್ಲಿ ಎಂಸಿವಿ (ಕೆಂಪು ಕಣದ ಗಾತ್ರ) ತುಂಬಾ ಕಮ್ಮಿ, ಕೆಂಪು ಕಣದ ಲೆಕ್ಕ ಮಾತ್ರ ಹೆಚ್ಚು ಅಂತ ಬಂದ್ರೆ ವಂಶದಲ್ಲಿ ಬರುವ ರಕ್ತದ ತೊಂದರೆ ಥಲಸ್ಸೀಮಿಯಾದ ವಾಹಕರಾ ಅಂತ ನೋಡ್ತಾರೆ, ಅವರು ಕೊರತೆ ಇಲ್ಲದೆ ವರ್ಷಗಟ್ಟಲೆ ಐರನ್ ತಿಂದ್ರೆ ಕೆಡುಕೇ.

ಆಶಾ ಅಕ್ಕ ಕೊಟ್ಟ ಕೆಂಪು ಮಾತ್ರೆ ತಿನ್ಬಹುದಾ?

ಅನೀಮಿಯಾ ಮುಕ್ತ ಭಾರತ ಅನ್ನುವ ಕೇಂದ್ರ ಸರ್ಕಾರದ ಕಾರ್ಯಕ್ರಮ 2018ರಲ್ಲಿ ಶುರುವಾದದ್ದು, ಅದರಲ್ಲಿ 20ರಿಂದ 49ರ ಹೆಂಗಸರಿಗೆ ವಾರಕ್ಕೆ ಒಂದು ಕೆಂಪು ಮಾತ್ರೆ, 60 ಮಿಲಿಗ್ರಾಂ ಐರನ್ ಮತ್ತೆ 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಶಾಲೆಯ ದೊಡ್ಡ ಮಕ್ಕಳಿಗೆ ಅದೇ ಪ್ರಮಾಣ, ನೀಲಿ ಬಣ್ಣ. ಗರ್ಭಿಣಿಯರಿಗೆ ದಿನಾ ಒಂದು, 180 ದಿನ. ಕೇರಳ ಸರ್ಕಾರ 2023ರಲ್ಲಿ ವಿವ ಕೇರಳಂ ಅಂತ ಕಾರ್ಯಕ್ರಮ ಶುರು ಮಾಡಿತು, ಆಗ ತುಂಬಾ ಕಡೆ ಹಿಮೋಗ್ಲೋಬಿನ್ ನೋಡಿದ್ರು. ವಾರಕ್ಕೊಂದರ ಈ ಮಾತ್ರೆಗೆ ಹೆದ್ರುವ ಅಗತ್ಯ ಇಲ್ಲ, ದಪ್ಪ ಇದ್ರೂ. ಗರ್ಭಿಣಿಯರಂತೂ ಯಾರ ಮಾತು ಕೇಳಿಯೂ ಬಿಡ್ಬೇಡಿ.

ಸಮಸ್ಯೆ ಬರುವುದು ಮೆಡಿಕಲ್‌ನಿಂದ ತಾವೇ ದೊಡ್ಡ ಡೋಸ್ ತಂದು ದಿನಕ್ಕೆ ಎರಡೆರಡು ತಿನ್ನುವವರಿಗೆ. 60 ಮಿಲಿಗ್ರಾಂ ಅಥವಾ ಹೆಚ್ಚು ಐರನ್ ಒಮ್ಮೆ ತಿಂದ್ರೆ ಹೆಪ್ಸಿಡಿನ್ ಏರಿ ಸುಮಾರು 24 ಗಂಟೆ ಹಾಗೇ ಇರ್ತದೆ, ಆಗ ತಿಂದ ಎರಡನೇ ಮಾತ್ರೆಯಿಂದ ಹೀರಿಕೊಳ್ಳುವುದು ಕಮ್ಮಿ, ಉಳಿದದ್ದು ಕರುಳಲ್ಲಿ ಇದ್ದು ಹೊಟ್ಟೆನೋವು ಮಲಬದ್ಧತೆ ಕಪ್ಪು ಮಲ. ಸ್ವಿಟ್ಜರ್ಲೆಂಡಿನಲ್ಲಿ ಐರನ್ ಸಂಗ್ರಹ ಕಮ್ಮಿ ಇರುವ ಹೆಂಗಸರ ಮೇಲೆ ಮಾಡಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನ ಬಿಟ್ಟು ದಿನ ಕೊಟ್ಟವರು ಪ್ರತಿ ಮಾತ್ರೆಯಿಂದ ಹೆಚ್ಚು ಐರನ್ ಹೀರಿಕೊಂಡರು. ಆಮೇಲೆ ಹಲವು ಡಾಕ್ಟ್ರು ದಿನ ಬಿಟ್ಟು ದಿನ ಬರೀತಾರೆ. ಬೊಜ್ಜು ಇರುವವರಲ್ಲಿ ಹೆಪ್ಸಿಡಿನ್ ಮೊದ್ಲೇ ಮೇಲೆ ಉಂಟು, ಹಾಗಾಗಿ ಮಾತ್ರೆ ತಿಂದು ಮೂರು ತಿಂಗಳಾದ್ರೂ ಏರ್ಲಿಲ್ಲ ಅಂದ್ರೆ ನೀವು ಸರಿಯಾಗಿ ತಿನ್ಲಿಲ್ಲ ಅಂತ ಬೈಯುವ ಮೊದ್ಲು ಡಾಕ್ಟ್ರು ಅದನ್ನೂ ನೋಡ್ಬೇಕು. ಕರುಳಿನ ದಾರಿ ಬಿಟ್ಟು ಡ್ರಿಪ್ಪಿನಲ್ಲಿ ಐರನ್ ಕೊಡುವುದು ಇಂಥ ಸಂದರ್ಭಕ್ಕೆ, ಆದ್ರೆ ಅದು ಆಸ್ಪತ್ರೆಯಲ್ಲೇ ಆಗ್ಬೇಕಾದ್ದು.

ಬೀಟ್ರೂಟ್, ದಾಳಿಂಬೆ, ಬೆಲ್ಲ ತಿಂದ್ರೆ ರಕ್ತ ಆಗೂದಿಲ್ವಾ?

ಬಣ್ಣ ಕೆಂಪು ಅಷ್ಟೇ ಮಾರಾಯ್ರೆ. ಬೀಟ್ರೂಟ್ ಆಗ್ಲಿ ದಾಳಿಂಬೆ ಆಗ್ಲಿ 100 ಗ್ರಾಂನಲ್ಲಿ 1 ಮಿಲಿಗ್ರಾಂ ಐರನ್ ಕೂಡ ಇಲ್ಲ. ಬೆಲ್ಲದಲ್ಲಿ ಸ್ವಲ್ಪ ಉಂಟು, ಆದ್ರೆ ಒಂದು ತುಂಡು ಬೆಲ್ಲದಿಂದ ಸಿಗುವುದು ಅರ್ಧ ಮಿಲಿಗ್ರಾಂ ಲೆಕ್ಕ, ನಮ್ಮ ಹೆಂಗಸರಿಗೆ ದಿನಕ್ಕೆ ಊಟದಲ್ಲಿ ಬೇಕು ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದ್ದು 29 ಮಿಲಿಗ್ರಾಂ, ಗಂಡಸರಿಗೆ 19. ಬೆಲ್ಲದಲ್ಲಿ ಅಷ್ಟು ತುಂಬಿಸ್ಲಿಕ್ಕೆ ಹೋದ್ರೆ ಶುಗರ್ ತೂಕ ಎರಡೂ ಎಲ್ಲಿಗೆ ಮುಟ್ಟೀತು.

ನಮ್ಮ ಕಡೆ ಅಡಿಗೆಯಲ್ಲೇ ಒಳ್ಳೇದು ಬೇಕಾದಷ್ಟು ಉಂಟು. ಹುರುಳಿ ಸಾರು, 100 ಗ್ರಾಂ ಹುರುಳಿಯಲ್ಲಿ 8 ಮಿಲಿಗ್ರಾಂ ಮೇಲೆ ಐರನ್. ಹೆಸರು ಕಾಳು, ಅಲಸಂಡೆ ಕಾಳು, ಹರಿವೆ, ಬಸಳೆ, ನುಗ್ಗೆ ಸೊಪ್ಪು, ಮಳೆಗಾಲದ ತಗಟೆ ಸೊಪ್ಪು. ಮೀನು ತಿನ್ನುವವರಿಗೆ ಭೂತಾಯಿ ಬಂಗುಡೆ, ಅದಕ್ಕಿಂತ ಮೇಲೆ ಮರುವಾಯಿ, ಚಿಪ್ಪಿನ ಜೀವಿಗಳಲ್ಲಿ ಐರನ್ ತುಂಬಾ. ಸೊಪ್ಪು ಕಾಳಿನ ಐರನ್ ಮೈಗೆ ಹತ್ತುವುದು ಕಮ್ಮಿ, ಮೀನು ಮಾಂಸದ್ದು ಹೆಚ್ಚು. ಸೊಪ್ಪು ಕಾಳಿನೊಟ್ಟಿಗೆ ಹುಳಿ, ವಿಟಮಿನ್ ಸಿ ಇದ್ರೆ ಹತ್ತುವುದು ಏರ್ತದೆ, ಊಟದ ಹೊತ್ತಿಗೆ ಲಿಂಬೆ ಹಿಂಡಿ, ನೆಲ್ಲಿಕಾಯಿ ತಂಬುಳಿ ಮಾಡಿ. ಗೇರುಹಣ್ಣಿನಲ್ಲಿ ಕಿತ್ತಳೆಗಿಂತ ಎಷ್ಟೋ ಪಾಲು ಹೆಚ್ಚು ವಿಟಮಿನ್ ಸಿ ಉಂಟು, ನಾವು ಬೀಜ ಕಿತ್ತು ಹಣ್ಣನ್ನು ಗುಡ್ಡೆಯಲ್ಲೇ ಕೊಳೀಲಿಕ್ಕೆ ಬಿಡ್ತೇವೆ, ನೋಡುವಾಗ ಹೊಟ್ಟೆ ಉರೀತದೆ.

ಇಲ್ಲಿಯೂ ಬೊಜ್ಜು ಅಡ್ಡ ಬರ್ತದೆ ಅನ್ನುವುದು ಬೇಜಾರಿನ ವಿಷಯ. ತೂಕ ಹೆಚ್ಚಿರುವ ಹೆಂಗಸರಲ್ಲಿ ವಿಟಮಿನ್ ಸಿಯಿಂದ ಆಗುವ ಉಪಕಾರ ನಾರ್ಮಲ್ ತೂಕದವರ ಅರ್ಧದಷ್ಟು ಮಾತ್ರ ಅಂತ 2015ರ ಒಂದು ಅಧ್ಯಯನದಲ್ಲಿ ಕಂಡಿದೆ. ಅರ್ಧ ಆದ್ರೂ ಲಾಭವೇ, ಬಿಡ್ಬೇಡಿ.

ದೋಸೆಗೆ ನಾನ್‌ಸ್ಟಿಕ್ ಬದ್ಲು ಕಬ್ಬಿಣದ ಕಾವಲಿ, ಪಲ್ಯಕ್ಕೆ ಕಬ್ಬಿಣದ ಬಾಣಲೆ ಇಟ್ರೆ ಸ್ವಲ್ಪ ಐರನ್ ಅಡಿಗೆಗೆ ಇಳೀತದೆ, ಹುಳಿ ಹಾಕಿದ ಅಡಿಗೆಗೆ ಇನ್ನೂ ಹೆಚ್ಚು.

ಚಾ?

ಊಟದೊಟ್ಟಿಗೆ ಚಾ ಕುಡಿದ್ರೆ ಸೊಪ್ಪು ಕಾಳಿನ ಐರನ್ ಹೀರುವುದು ಅರ್ಧಕ್ಕಿಂತಲೂ ಕೆಳಗೆ ಇಳೀಬಹುದು. ಒಂದು ಗಂಟೆ ಬಿಟ್ಟು ಕುಡೀರಿ. ಊಟ ಆದ ಕೂಡ್ಲೇ ಎಲೆ ಅಡಿಕೆ ಹಾಕುವವರಿಗೂ ಅದೇ ಮಾತು, ಐರನ್ ಹೀರ್ಲಿಕ್ಕೆ ಬಿಡದ ಟ್ಯಾನಿನ್ ಚಾದ ಹಾಗೆ ಅಡಿಕೆಯಲ್ಲೂ ಧಾರಾಳ. ಅಡಿಕೆ ಬೆಳೆದೇ ಬದುಕುವ ಊರಲ್ಲಿ ಇದನ್ನು ಬರೆದ್ರೆ ಬೈಗುಳ ತಿನ್ಬೇಕಾದೀತು.

ಐರನ್ ಬೇಕು ಅಂತ ದಿನಾ ಬೀಫ್ ತಿಂದ್ರೆ ಆಗ್ತದಾ?

ವಾರಕ್ಕೆ ಒಂದೆರಡು ಸಲಕ್ಕೆ ಯಾರೂ ಬೇಡ ಅನ್ನೂದಿಲ್ಲ. ದಿನಾ ಬೇಡ. ಕೆಂಪು ಮಾಂಸದ ಹೀಮ್ ಐರನ್ ಹೆಚ್ಚು ತಿನ್ನುವವರಲ್ಲಿ ಟೈಪ್ 2 ಡಯಾಬಿಟಿಸ್ ಹೆಚ್ಚು ಅಂತ ದೊಡ್ಡ ದೊಡ್ಡ ಜನರ ಗುಂಪನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳು ಹೇಳ್ತವೆ. ಐರನೇ ಕಾರಣವಾ, ಜೊತೆಗೆ ಹೋಗುವ ಕೊಬ್ಬು ಪರೋಟ ಕಾರಣವಾ ಅಂತ ಬಿಡಿಸುವುದು ಸುಲಭ ಅಲ್ಲ. ಮೀನು ಇರುವ ಊರು ನಮ್ಮದು, ಅದನ್ನೇ ತಿನ್ನಿ, ಹುರಿದದ್ದಕ್ಕಿಂತ ಗಸಿ ಒಳ್ಳೇದು.

ತೂಕ ಇಳಿಸಿದ್ರೆ ಐರನ್ ತನ್ನಷ್ಟಕ್ಕೆ ಸರಿ ಆಗ್ತದಾ?

ತುಂಬಾ ಮಟ್ಟಿಗೆ ಹೌದು. ತೂಕ ಇಳಿದು ಉರಿಯೂತ ತಗ್ಗಿದ್ರೆ ಹೆಪ್ಸಿಡಿನ್ ಇಳೀತದೆ, ಕರುಳು ಪುನಃ ಐರನ್ ಒಳಗೆ ಬಿಡ್ತದೆ, ಇದನ್ನು ಮನುಷ್ಯರಲ್ಲೇ ಅಳೆದಿದ್ದಾರೆ. ನನ್ನ ಪ್ರಕಾರ ಬೊಜ್ಜು ಇರುವವರ ಐರನ್ ಚಿಕಿತ್ಸೆ ಮಾತ್ರೆಯಲ್ಲಿ ಅರ್ಧ, ಹೊಟ್ಟೆ ಸುತ್ತಳತೆಯಲ್ಲಿ ಅರ್ಧ. ಆದ್ರೆ ಊಟವೇ ಬಿಟ್ಟು, ಬರೀ ಜ್ಯೂಸ್ ಕುಡಿದು ಒಂದು ತಿಂಗಳಲ್ಲಿ ಇಳಿಸ್ಲಿಕ್ಕೆ ಹೊರಟವರಿಗೆ ಇದ್ದ ಐರನೂ ಹೋಗ್ತದೆ, ಪ್ರೋಟೀನೂ ಇಲ್ಲ. ಕುಚ್ಚಲಕ್ಕಿ ಗಂಜಿ ಒಂದು ಸೌಟು ಕಮ್ಮಿ ಮಾಡಿ, ಹುರುಳಿ ಚಟ್ನಿ ಪಲ್ಯ ಮೀನು ಹೆಚ್ಚು ಮಾಡಿ, ನಡೀರಿ, ರಾತ್ರಿ ಬೇಗ ಉಣ್ಣಿ.

ಐರನ್ ಮಾತ್ರೆ ತಿಂದ್ರೆ ದಪ್ಪ ಆಗ್ತಾರೆ ಅಂತಾರಲ್ಲ?

ಇಲ್ಲ. ಕೊರತೆ ಹೋದ ಮೇಲೆ ಹಸಿವು ಸರಿಯಾಗಿ ಸ್ವಲ್ಪ ಹೆಚ್ಚು ತಿನ್ನುವುದು ಇರ್ಬಹುದು, ಮಾತ್ರೆಯಲ್ಲಿ ದಪ್ಪ ಮಾಡುವಂಥದ್ದು ಎಂತ ಇಲ್ಲ.

ನನಗೆ ಶುಗರ್ ಉಂಟು, ಮೆಟ್‌ಫಾರ್ಮಿನ್ ತಿಂತೇನೆ. ಬೇರೆ ಎಂತಾದ್ರೂ ನೋಡ್ಬೇಕಾ?

ಎರಡು ವಿಷಯ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದ್ರೆ ಬಿ12 ಇಳೀಬಹುದು, ಅದೂ ರಕ್ತಹೀನತೆ ತರ್ತದೆ, ಸಸ್ಯಾಹಾರಿಗಳಿಗೆ ಇನ್ನೂ ಹೆಚ್ಚು. ಮತ್ತೊಂದು, ಐರನ್ ಕೊರತೆ ಇದ್ದಾಗ ಮೂರು ತಿಂಗಳ ಸರಾಸರಿ ಅಂತ ನೋಡುವ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸ್ತದೆ. ಮನೆಯಲ್ಲಿ ನೋಡಿದ ಶುಗರ್ ಸರಿ ಉಂಟು, ಎಚ್‌ಬಿಎ1ಸಿ ಮಾತ್ರ ಮೇಲೆ ಅಂತ ಗೊಂದಲ ಆದ್ರೆ ಡಾಕ್ಟ್ರು ಮದ್ದು ಹೆಚ್ಚಿಸುವ ಮೊದ್ಲು ನಿಮ್ಮ ಐರನ್ ರಿಪೋರ್ಟನ್ನೂ ಎದುರು ಇಡಿ.

ಬೊಜ್ಜಿನ ಆಪರೇಶನ್ ಮಾಡಿಸಿದವರಿಗೆ?

ಜೀವನ ಇಡೀ ಐರನ್ ಚೆಕ್ ಮಾಡಿಸ್ತಾ ಇರ್ಬೇಕು. ಬೈಪಾಸ್ ಬಗೆಯ ಆಪರೇಶನಿನಲ್ಲಿ ಸಣ್ಣ ಕರುಳಿನ ಶುರುವಿನ ಭಾಗ ಊಟದ ದಾರಿಯಿಂದ ತಪ್ಪಿ ಹೋಗ್ತದೆ, ಐರನ್ ಹೆಚ್ಚು ಹೀರುವ ಜಾಗವೇ ಅದು, ಜಠರದ ಆಸಿಡ್ ಕೂಡ ಕಮ್ಮಿ. ಹೆಪ್ಸಿಡಿನ್ ಇಳಿದ ಲಾಭ ಇಲ್ಲಿ ಕೈಗೆ ಸಿಗೂದಿಲ್ಲ. ಮಂಗ್ಳೂರಲ್ಲಿ ಆಪರೇಶನ್ ಮಾಡಿಸಿ ಗಡಿಯ ತಲಪಾಡಿ ದಾಟಿ ಬಂದ ಮೇಲೆ ಫಾಲೋ ಅಪ್ ಬಿಡುವವರು ತುಂಬಾ ಜನ, ದೂರ ಆದ್ರೆ ಇಲ್ಲೇ ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದಲ್ಲಿ ರಿಪೋರ್ಟ್ ತೋರಿಸಿ ಮುಂದುವರಿಸಿ.

ಫೆರಿಟಿನ್ ಹೆಚ್ಚುಂಟಲ್ಲ, ರಕ್ತದಾನ ಮಾಡಿದ್ರೆ ಕೊಬ್ಬಿಗೆ ಒಳ್ಳೇದಾ?

ಒಂದು ಸಲ ರಕ್ತ ಕೊಟ್ರೆ ಸುಮಾರು 200-250 ಮಿಲಿಗ್ರಾಂ ಐರನ್ ಹೋಗ್ತದೆ. ಮೇಲೆ ಹೇಳಿದ 2012ರ ಕೆಲಸದಲ್ಲೇ ಫೆರಿಟಿನ್ ಹೆಚ್ಚಿದ್ದು ಶುಗರ್ ಗಡಿಯಲ್ಲಿದ್ದ ಕೆಲವರಿಂದ ರಕ್ತ ತೆಗೆದು ನೋಡಿದಾಗ ಅಡಿಪೋನೆಕ್ಟಿನ್ ಏರಿತ್ತು, ಗ್ಲೂಕೋಸ್ ನಿಭಾಯಿಸುವುದು ಸುಧಾರಿಸಿತ್ತು. ಆದ್ರೆ ಫ್ಯಾಟಿ ಲಿವರ್ ಇರುವವರಲ್ಲಿ ಸರಿಯಾಗಿ ಹೋಲಿಕೆ ಇಟ್ಟು ಮಾಡಿದ ಅಧ್ಯಯನದಲ್ಲಿ ಹಾಗೆ ಲಾಭ ಕಾಣ್ಲಿಲ್ಲ. ಹಾಗಾಗಿ ಚಿಕಿತ್ಸೆ ಅಂತ ನಂಬಿ ಕೊಡ್ಬೇಡಿ, ದಾನ ಅಂತ ಕೊಡಿ. ಹಿಮೋಗ್ಲೋಬಿನ್ 12.5 ಇರ್ಬೇಕು, ತೂಕ 45 ಕಿಲೋ, ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಕಮ್ಮಿ ಇರುವವರು ಫೆರಿಟಿನ್ ಒಂದನ್ನೇ ನೋಡಿ ಹೋಗಿ ಕೊಟ್ರೆ ಇದ್ದದ್ದೂ ಹೋದೀತು, ಮೊದ್ಲು ಅದನ್ನು ಮಾಡಿಸಿ.